ದುಃಖಾಂತ ಕಾದಂಬರಿಗೆ ಕಾಯಿದೆ ಬೇಕೆಂದ ವಿಜ್ಞಾನಿ

ಮಧ್ಯಾಹ್ನ ಮೂರು ಗಂಟೆಯ ಹೊತ್ತು. ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ, ಲಂಡನ್ನಿನ ಗದ್ದಲದಿಂದ ದೂರವಾಗಿ, ಡೌನ್ ಎಂಬ ಸಣ್ಣ ಹಳ್ಳಿ. ಅಲ್ಲಿಯ ದೊಡ್ಡ ಮನೆಯೊಂದರ ಮಲಗುವ ಕೋಣೆಯಲ್ಲಿ ಬಿಳಿಗಡ್ಡದ ಯಜಮಾನನೊಬ್ಬ ಸೋಫಾದ ಮೇಲೆ ಒರಗಿ ಸಿಗರೇಟು ಹಚ್ಚಿದ್ದಾನೆ. ಪಕ್ಕದಲ್ಲಿ ಕುಳಿತ ಹೆಂಡತಿ ಕಾದಂಬರಿಯೊಂದನ್ನು ಗಟ್ಟಿಯಾಗಿ ಓದುತ್ತಿದ್ದಾಳೆ. ಕೇಳುತ್ತ ಕೇಳುತ್ತ ಯಜಮಾನನಿಗೆ ಜೊಂಪು ಹತ್ತುತ್ತದೆ. ದನಿ ನಿಂತರೆ ಆ ನಿಶ್ಶಬ್ದಕ್ಕೇ ಅವನಿಗೆ ಎಚ್ಚರವಾದೀತೆಂದು ಹೆಂಡತಿ ಓದುತ್ತಲೇ ಹೋಗುತ್ತಾಳೆ. ಎದ್ದ ಮೇಲೆ ಅವನದು ಒಂದೇ ಕೊರಗು: ಅಷ್ಟು ಹೊತ್ತಿನ ಕಥೆ ತಪ್ಪಿಹೋಯಿತಲ್ಲ!

ಈ ಯಜಮಾನನೇ ಚಾರ್ಲ್ಸ್ ಡಾರ್ವಿನ್. 1859ರಲ್ಲಿ ‘ಆರಿಜಿನ್ ಆಫ್ ಸ್ಪೀಷೀಸ್’ ಎಂಬ ಗ್ರಂಥವನ್ನು ಪ್ರಕಟಿಸಿ, ಜೀವಜಾತಿಗಳು ನಿಸರ್ಗದ ಆಯ್ಕೆಯಿಂದ ಕಾಲಕ್ರಮದಲ್ಲಿ ಬದಲಾಗುತ್ತ ಬಂದಿವೆ ಎಂದು ಸಾಧಿಸಿದವನು. ಹೈಸ್ಕೂಲಿನ ಜೀವಶಾಸ್ತ್ರ ಪುಸ್ತಕದಲ್ಲಿ ಗಂಭೀರ ಮುಖದ ಅವನ ಚಿತ್ರವನ್ನು ನೋಡಿದ ವಿದ್ಯಾರ್ಥಿಗಳಿಗೆ, ಆ ಮಹಾಶಯ ದಿನಕ್ಕೆ ಎರಡು ಮೂರು ಸಲ ಕಾದಂಬರಿ ಓದಿಸಿಕೊಂಡು ಕೇಳುತ್ತಿದ್ದ ಎಂದರೆ ಅಚ್ಚರಿಯಾಗಬಹುದು. ಬೆಳಗಿನ ಟಪಾಲು ನೋಡಿದ ನಂತರ ಒಂದಿಷ್ಟು, ಮಧ್ಯಾಹ್ನದ ವಿಶ್ರಾಂತಿಯಲ್ಲಿ ಒಂದಿಷ್ಟು, ಸಂಜೆ ಆರರ ಸುಮಾರಿಗೆ ಇನ್ನೊಂದಿಷ್ಟು. ವಿಜ್ಞಾನದ ಪುಸ್ತಕಗಳನ್ನು ತಾನೇ ಓದಿಕೊಳ್ಳುತ್ತಿದ್ದ. ಉಳಿದವುಗಳಲ್ಲಿ ಅವನು ಸ್ವತಃ ಓದುತ್ತಿದ್ದದ್ದು ದಿನಪತ್ರಿಕೆ ಮಾತ್ರ. ಕಥೆ, ಚರಿತ್ರೆ, ಪ್ರವಾಸಕಥನಗಳೆಲ್ಲ ಹೆಂಡತಿ ಎಮ್ಮಾಳ ಬಾಯಿಂದಲೇ ಅವನ ಕಿವಿಗೆ ಬೀಳಬೇಕು.

ಸಾಹಿತ್ಯದಲ್ಲಿ ಅವನು ಪಂಡಿತನಲ್ಲ; ವಿಮರ್ಶಕನಂತೂ ಅಲ್ಲವೇ ಅಲ್ಲ. ಆದರೆ ಪುಸ್ತಕಗಳ ಬಗ್ಗೆ ಅವನಿಗೆ ಖಚಿತವಾದ ಅಭಿಪ್ರಾಯಗಳಿದ್ದವು. 1876ರಲ್ಲಿ, 67ನೆಯ ವಯಸ್ಸಿನಲ್ಲಿ, ಮಕ್ಕಳಿಗಾಗಿ ಬರೆದಿಟ್ಟ ಆತ್ಮಕಥೆಯಲ್ಲಿ ಅವನ್ನು ಸಂಕೋಚವಿಲ್ಲದೆ ಹೇಳಿಕೊಂಡಿದ್ದಾನೆ. ಕಾದಂಬರಿಕಾರರಿಗೆಲ್ಲ ಒಳ್ಳೆಯದಾಗಲಿ ಎಂದು ಹರಸುವ ಈತ, ತಕ್ಕಮಟ್ಟಿಗೆ ಚೆನ್ನಾಗಿದ್ದರೆ ಎಲ್ಲ ಕಾದಂಬರಿಗಳೂ ತನಗೆ ಸೇರುತ್ತವೆ ಎನ್ನುತ್ತಾನೆ. ಒಂದೇ ಷರತ್ತು: ಕೊನೆ ದುಃಖದ್ದಾಗಿರಬಾರದು. ದುಃಖಾಂತ ಕಾದಂಬರಿಗಳ ವಿರುದ್ಧ ಸರ್ಕಾರ ಒಂದು ಕಾಯಿದೆಯನ್ನೇ ಮಾಡಬೇಕಂತೆ! ಮನಸಾರೆ ಪ್ರೀತಿಸಬಹುದಾದ ಒಂದು ಪಾತ್ರವಾದರೂ ಇಲ್ಲದಿದ್ದರೆ ಅದು ಮೊದಲ ದರ್ಜೆಯ ಕಾದಂಬರಿಯಲ್ಲ. ಆ ಪಾತ್ರ ಸುಂದರಿಯಾದ ಹೆಣ್ಣಿನದಾದರೆ ಇನ್ನೂ ಒಳ್ಳೆಯದು. ಇದು ಅವನ ಅಳತೆಗೋಲು.

ವಾಲ್ಟರ್ ಸ್ಕಾಟ್, ಜೇನ್ ಆಸ್ಟೆನ್, ಶ್ರೀಮತಿ ಗ್ಯಾಸ್ಕೆಲ್ ಇವರ ಕಾದಂಬರಿಗಳನ್ನು ಇನ್ನು ಓದಲಾಗದು ಎಂಬಷ್ಟು ಸಲ ಆ ಮನೆಯಲ್ಲಿ ಓದಿದ್ದರು. ಉಳಿದವು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಬಾಡಿಗೆಗೆ ಬರುತ್ತಿದ್ದವು, ಒಂದು ಕಾಲಕ್ಕೆ ಕರ್ನಾಟಕದ ಊರೂರಿನಲ್ಲಿ ಅಂಥ ಅಂಗಡಿಗಳಿದ್ದವಲ್ಲ, ಹಾಗೆ. ಕೊನೆಯ ಪುಟವನ್ನು ಮೊದಲೇ ತಿರುವಿ ನೋಡುವುದು ಅವನ ಪಾಲಿಗೆ ಮಹಾಪರಾಧ. ಜಾರ್ಜ್ ಎಲಿಯಟ್ ಎಂಬ ಗಂಡು ಹೆಸರಿನಲ್ಲಿ ಬರೆಯುತ್ತಿದ್ದ ಲೇಖಕಿಯ ಕೃತಿಗಳು ಎಷ್ಟೇ ಹೆಸರು ಮಾಡಿದ್ದರೂ ಅವನಿಗೆ ಅಷ್ಟಾಗಿ ಹಿಡಿಸಲಿಲ್ಲ. ಕಾರಣ ಅದೇ, ದುಃಖದ ಕೊನೆ. ಆಕೆಯದೇ ‘ಸೈಲಸ್ ಮಾರ್ನರ್’ ಮಾತ್ರ ಅವನಿಗೆ ಅಚ್ಚುಮೆಚ್ಚು. ಒಂಟಿ ನೇಕಾರನೊಬ್ಬನ ಬಾಳಿಗೆ ಅನಾಥ ಮಗುವೊಂದು ಬೆಳಕು ತರುವ ಕಥೆ ಅದು.

ಇದನ್ನು ಓದಿ ನಗಬಹುದು. ಆದರೆ ಈ ದಂಪತಿಗಳಿಗೆ ಹುಟ್ಟಿದ ಹತ್ತು ಮಕ್ಕಳಲ್ಲಿ ಮೂವರು ಎಳವೆಯಲ್ಲೇ ತೀರಿಕೊಂಡಿದ್ದರು. ಮುದ್ದಿನ ಮಗಳು ಆ್ಯನಿ 1851ರಲ್ಲಿ, ಹತ್ತು ವರ್ಷದವಳಾಗಿದ್ದಾಗ, ತಂದೆಯ ಕಣ್ಣೆದುರೇ ಕಾಯಿಲೆಯಿಂದ ಸತ್ತಳು. ಹಗಲೆಲ್ಲ ಜೀವಿಗಳ ಹೋರಾಟ ಮತ್ತು ಸಾವುಗಳ ಲೆಕ್ಕ ಬರೆಯುತ್ತಿದ್ದವನು ವಿಶ್ರಾಂತಿಯ ಹೊತ್ತಿನಲ್ಲಾದರೂ ಯಾರೋ ಸುಖವಾಗಿ ಬಾಳಲಿ ಎಂದು ಬಯಸಿದ್ದರೆ ಅದರಲ್ಲಿ ವಿಚಿತ್ರವೇನೂ ಇಲ್ಲ.

ತರಗತಿಯ ಹೊರಗಿನ ಪುಸ್ತಕಗಳು

ಡಾರ್ವಿನ್ ಹುಟ್ಟಿದ್ದು 1809ರಲ್ಲಿ, ಷ್ರೂಸ್‌ಬರಿ ಎಂಬ ಊರಿನಲ್ಲಿ. ತಂದೆ ಹೆಸರಾಂತ ವೈದ್ಯ. ಮಗನನ್ನು ಸೇರಿಸಿದ್ದ ಶಾಲೆಯಲ್ಲಿ ಕಲಿಸುತ್ತಿದ್ದದ್ದು ಬಹುಪಾಲು ಗ್ರೀಕ್ ಮತ್ತು ಲ್ಯಾಟಿನ್. ಹಿಂದಿನ ದಿನದ ಪಾಠವಾಗಿ ನಲವತ್ತು ಐವತ್ತು ಸಾಲು ಪದ್ಯವನ್ನು ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲೇ ಅವನು ಬಾಯಿಪಾಠ ಮಾಡಿಬಿಡುತ್ತಿದ್ದ. ಎರಡು ದಿನ ಕಳೆಯುವುದರಲ್ಲಿ ಪೂರಾ ಮರೆತೂ ಬಿಡುತ್ತಿದ್ದ. ಪರೀಕ್ಷೆಗೆಂದು ಉರುಹೊಡೆದ ಯಾವ ಹುಡುಗನಿಗೂ ಇದು ಹೊಸ ಸುದ್ದಿಯಲ್ಲ.

ಅದೇ ಹುಡುಗ ಶಾಲೆಯ ದಪ್ಪ ಗೋಡೆಯ ಹಳೆಯ ಕಿಟಕಿಯೊಂದರಲ್ಲಿ ಕುಳಿತು ಗಂಟೆಗಟ್ಟಲೆ ಷೇಕ್ಸ್‌ಪಿಯರನ ಚಾರಿತ್ರಿಕ ನಾಟಕಗಳನ್ನು ಓದುತ್ತಿದ್ದ. ಬೈರನ್ನನ ಮತ್ತು ಸ್ಕಾಟನ ಕಾವ್ಯಗಳೂ ಆಗಿದ್ದವು. ಸಹಪಾಠಿಯೊಬ್ಬನ ಹತ್ತಿರ ‘ಜಗತ್ತಿನ ಅದ್ಭುತಗಳು’ ಎಂಬರ್ಥದ ಹೆಸರಿನ ಪುಸ್ತಕವಿತ್ತು. ಅದನ್ನು ಮತ್ತೆ ಮತ್ತೆ ಓದುವುದು, ಅದರಲ್ಲಿರುವುದು ನಿಜವೋ ಸುಳ್ಳೋ ಎಂದು ಉಳಿದ ಹುಡುಗರೊಡನೆ ವಾದಕ್ಕಿಳಿಯುವುದು, ಇದೇ ಅವನ ಕೆಲಸ. ದೂರದೇಶಗಳನ್ನು ನೋಡಬೇಕೆಂಬ ಆಸೆ ಮೊದಲು ಮೊಳೆತದ್ದು ಆ ಪುಸ್ತಕದಿಂದಲೇ ಎಂದು ಮುದಿತನದಲ್ಲೂ ಅವನು ನೆನೆಯುತ್ತಾನೆ. ಗಿಲ್ಬರ್ಟ್ ವೈಟ್ ಎಂಬ ಪಾದ್ರಿ ತನ್ನ ಹಳ್ಳಿಯ ಪಶುಪಕ್ಷಿಗಳ ಬಗ್ಗೆ ಬರೆದ ‘ಸೆಲ್ಬೋರ್ನ್’ ಪುಸ್ತಕ ಕೈಗೆ ಬಂದ ಮೇಲಂತೂ ಹಕ್ಕಿಗಳ ಚಲನವಲನ ಗಮನಿಸಿ ಬರೆದಿಡುವ ಗೀಳು ಹತ್ತಿತು. ದೊಡ್ಡವರೆಲ್ಲ ಯಾಕೆ ಪಕ್ಷಿಶಾಸ್ತ್ರಜ್ಞರೇ ಆಗಿಬಿಡುವುದಿಲ್ಲ ಎಂದು ಅವನಿಗೆ ನಿಜವಾಗಿಯೂ ಆಶ್ಚರ್ಯವಾಗುತ್ತಿತ್ತಂತೆ.

ಅಣ್ಣ ಎರಾಸ್ಮಸ್ ಮನೆಯ ತೋಟದಲ್ಲಿದ್ದ ಸಲಕರಣೆಗಳ ಕೊಠಡಿಯಲ್ಲಿ ಒಂದು ಸಣ್ಣ ಪ್ರಯೋಗಶಾಲೆ ಮಾಡಿಕೊಂಡಿದ್ದ. ತಮ್ಮ ಅವನ ಸಹಾಯಕ. ರಸಾಯನಶಾಸ್ತ್ರದ ಪುಸ್ತಕಗಳನ್ನು ಎಚ್ಚರಿಕೆಯಿಂದ ಓದಿ ಇಬ್ಬರೂ ಬಗೆಬಗೆಯ ಅನಿಲಗಳನ್ನು ತಯಾರಿಸುತ್ತಿದ್ದರು. ಪುಸ್ತಕದಲ್ಲಿ ಬರೆದದ್ದನ್ನು ಕೈಯಾರೆ ಮಾಡಿ ನೋಡುವುದೆಂದರೇನೆಂದು ಅವನು ಕಲಿತದ್ದು ಅಲ್ಲಿ. ಶಾಲೆಯಲ್ಲಿ ಸುದ್ದಿ ಹರಡಿ ಹುಡುಗರು ಅವನಿಗೆ ‘ಗ್ಯಾಸ್’ ಎಂದು ಅಡ್ಡಹೆಸರಿಟ್ಟರು. ಮುಖ್ಯೋಪಾಧ್ಯಾಯರು ಎಲ್ಲರೆದುರು ಕರೆದು, ಇಂಥ ಕೆಲಸಕ್ಕೆ ಬಾರದ ವಿಷಯಗಳಲ್ಲಿ ಕಾಲ ಹಾಳುಮಾಡುತ್ತೀಯೆಂದು ಬೈದರು. ತಂದೆಯೂ ಒಮ್ಮೆ ಸಿಟ್ಟಿನಲ್ಲಿ, ಬೇಟೆ, ನಾಯಿ, ಇಲಿ ಹಿಡಿಯುವುದು ಬಿಟ್ಟು ನಿನಗೆ ಬೇರೆ ಯೋಚನೆಯಿಲ್ಲ, ನಿನ್ನಿಂದ ಮನೆತನಕ್ಕೇ ಅವಮಾನ ಎಂದುಬಿಟ್ಟ. ತಂದೆಯಷ್ಟು ಕರುಣಾಳುವನ್ನು ತಾನು ಕಂಡಿಲ್ಲ, ಆ ಗಳಿಗೆಯಲ್ಲಿ ಕೋಪ ಬಂದಿರಬೇಕು ಎಂದು ಮಗ ಆತ್ಮಕಥೆಯಲ್ಲಿ ಬರೆದ. ಆದರೆ ಐವತ್ತು ವರ್ಷ ಕಳೆದರೂ ಆ ಮಾತನ್ನು ಅವನು ಮರೆತಿರಲಿಲ್ಲ ಎಂಬುದನ್ನು ಗಮನಿಸಬೇಕು.

ವೈದ್ಯಕೀಯ ಓದಲು 1825ರಲ್ಲಿ ಎಡಿನ್‌ಬರೋಗೆ ಹೋಗಿ ಅರ್ಧಕ್ಕೇ ಬಿಟ್ಟುಬಂದ. ಪಾದ್ರಿಯಾದರೂ ಆಗಲೆಂದು ತಂದೆ ಅವನನ್ನು ಕೇಂಬ್ರಿಜ್‌ಗೆ ಕಳುಹಿಸಿದ. ಅಲ್ಲಿಯ ಪಠ್ಯಗಳಲ್ಲಿ ಅವನಿಗೆ ರುಚಿಸಿದವು ಎರಡೇ: ಒಂದು ಯೂಕ್ಲಿಡನ ರೇಖಾಗಣಿತ, ಇನ್ನೊಂದು ವಿಲಿಯಂ ಪೇಲಿಯ ಧರ್ಮಗ್ರಂಥಗಳು. ಪೇಲಿ ವಾದ ಕಟ್ಟುವ ರೀತಿ ಎಷ್ಟು ಹಿಡಿಸಿತೆಂದರೆ ಇಡೀ ಪುಸ್ತಕದ ವಾದಸರಣಿಯನ್ನು ನೋಡದೆ ಬರೆಯಬಲ್ಲವನಾಗಿದ್ದ. ಜೀವಿಗಳ ರಚನೆಯಲ್ಲೇ ದೇವರ ಕೈವಾಡ ಕಾಣುತ್ತದೆಂದು ಪೇಲಿ ಸಾಧಿಸಿದ್ದ. ಅದನ್ನು ಮುಂದೆ ಬುಡಮೇಲು ಮಾಡಿದವನು ಈ ಅಭಿಮಾನಿಯೇ. ಎದುರಾಳಿಯ ಪುಸ್ತಕವನ್ನು ಇಷ್ಟು ಪ್ರೀತಿಯಿಂದ ಓದಿಕೊಂಡವರು ಅಪರೂಪ.

ಆದರೆ ಬದುಕಿನ ದಿಕ್ಕು ಬದಲಿಸಿದ ಪುಸ್ತಕಗಳು ಮತ್ತೆ ಪಠ್ಯದ ಹೊರಗಿನವೇ. ಕೇಂಬ್ರಿಜ್‌ನ ಕೊನೆಯ ವರ್ಷ ಅವನು ಓದಿದ್ದು ಜರ್ಮನಿಯ ಹಂಬೋಲ್ಟನ ದಕ್ಷಿಣ ಅಮೆರಿಕ ಪ್ರವಾಸಕಥನ ಮತ್ತು ಖಗೋಳಶಾಸ್ತ್ರಜ್ಞ ಜಾನ್ ಹರ್ಷೆಲ್ ವಿಜ್ಞಾನದ ಅಧ್ಯಯನಕ್ಕೆ ಬರೆದ ಪೀಠಿಕೆ. ತನ್ನ ಮೇಲೆ ಇವೆರಡರಷ್ಟು ಪ್ರಭಾವ ಬೀರಿದ ಪುಸ್ತಕ ಬೇರಿಲ್ಲ, ಒಂದು ಡಜನ್ ಪುಸ್ತಕ ಸೇರಿಸಿದರೂ ಇವಕ್ಕೆ ಸಮನಲ್ಲ ಎಂಬುದು ಅವನ ತೀರ್ಮಾನ. ಟೆನೆರಿಫ್ ದ್ವೀಪವನ್ನು ಹಂಬೋಲ್ಟ್ ವರ್ಣಿಸಿದ ಭಾಗಗಳನ್ನು ಕೈಯಾರೆ ನಕಲು ಮಾಡಿಕೊಂಡು, ವಿಹಾರಕ್ಕೆ ಹೋದಾಗ ಗುರು ಹೆನ್ಸ್ಲೋ ಮತ್ತು ಗೆಳೆಯರಿಗೆ ಓದಿ ಹೇಳುತ್ತಿದ್ದ. 1832ರ ಜನವರಿಯಲ್ಲಿ ಬೀಗಲ್ ಹಡಗು ಅದೇ ದ್ವೀಪದ ಮುಂದೆ ನಿಂತಿತು. ಆದರೆ ಇಂಗ್ಲೆಂಡಿನಲ್ಲಿ ಕಾಲರಾ ಇದೆಯೆಂದು ದ್ವೀಪದವರು ಇಳಿಯಗೊಡಲಿಲ್ಲ! ಮುಂದೊಮ್ಮೆ ಲಂಡನ್ನಿನಲ್ಲಿ ಹಂಬೋಲ್ಟನನ್ನೇ ಕಣ್ಣಾರೆ ಕಂಡಾಗಲೂ ಸ್ವಲ್ಪ ನಿರಾಸೆಯಾಯಿತಂತೆ. ಮಹಾನುಭಾವ ಬಹಳ ಮಾತಾಡಿದ ಎಂಬುದಷ್ಟೇ ಅವನಿಗೆ ನೆನಪುಳಿದದ್ದು.

ಓದು, ಆದರೆ ನಂಬಬೇಡ

ಬೀಗಲ್ ಹಡಗು 1831ರ ಡಿಸೆಂಬರ್ 27ರಂದು ಹೊರಟು 1836ರ ಅಕ್ಟೋಬರ್‌ನಲ್ಲಿ ಮರಳಿತು. ಹಡಗಿನ ಹಿಂಭಾಗದ ಇಕ್ಕಟ್ಟಾದ ಕೋಣೆಯಲ್ಲಿ ಸುಮಾರು 400 ಪುಸ್ತಕಗಳ ಭಂಡಾರವಿತ್ತು. ಡಾರ್ವಿನ್ ಜೋಲಿಮಂಚ ಕಟ್ಟಿ ಮಲಗುತ್ತಿದ್ದದ್ದೂ ಅದೇ ಕೋಣೆಯಲ್ಲಿ.

ಹೊರಡುವ ಮೊದಲು ಹೆನ್ಸ್ಲೋ ಒಂದು ಸಲಹೆ ಕೊಟ್ಟಿದ್ದ. ಚಾರ್ಲ್ಸ್ ಲಯೆಲ್ ಬರೆದ ‘ಭೂವಿಜ್ಞಾನದ ತತ್ತ್ವಗಳು’ ಗ್ರಂಥದ ಮೊದಲ ಸಂಪುಟ ಆಗತಾನೇ ಬಂದಿತ್ತು. ಮಳೆ, ನದಿ, ಜ್ವಾಲಾಮುಖಿ, ಭೂಕಂಪ ಮುಂತಾದ, ಇಂದಿಗೂ ನಡೆಯುತ್ತಿರುವ ಕ್ರಿಯೆಗಳೇ ಅಗಾಧ ಕಾಲದಲ್ಲಿ ಭೂಮಿಯನ್ನು ರೂಪಿಸಿವೆ ಎಂಬುದು ಅದರ ವಾದ. ಪುಸ್ತಕವನ್ನು ಅವಶ್ಯ ಓದು, ಅದರಲ್ಲಿರುವ ಅಭಿಪ್ರಾಯಗಳನ್ನು ಮಾತ್ರ ಒಪ್ಪಬೇಡ ಎಂದ ಗುರು. ಪ್ರತಿಯನ್ನು ಕೊಟ್ಟವನು ಹಡಗಿನ ಕಪ್ತಾನ ಫಿಟ್ಜ್‌ರಾಯ್. ಶಿಷ್ಯ ಓದಿದ. ಆಮೇಲೆ ಕೇಪ್ ವರ್ಡ್ ದ್ವೀಪವೊಂದರ ದಂಡೆಯಲ್ಲಿ, ಸಮುದ್ರಕ್ಕಿಂತ ಎತ್ತರದಲ್ಲಿ, ಬಂಡೆಯ ನಡುವೆ ಚಿಪ್ಪುಗಳಿರುವ ಬಿಳಿಯ ಪದರವೊಂದನ್ನು ತಾನೇ ನೋಡಿದ. ಲಯೆಲ್ ಹೇಳಿದ್ದೇ ಸರಿ ಎನ್ನಿಸಿತು. ಗುರುವಿನ ಸಲಹೆಯಲ್ಲಿ ಅರ್ಧವನ್ನು ಪಾಲಿಸಿದ ಶಿಷ್ಯನಿಂದ ವಿಜ್ಞಾನಕ್ಕೆ ಲಾಭವೇ ಆಯಿತು.

ಹಡಗಿನಿಂದಿಳಿದು ಒಳನಾಡಿಗೆ ಹೋಗುವಾಗ ಒಂದೇ ಪುಸ್ತಕ ಒಯ್ಯಲು ಸಾಧ್ಯ ಎಂದಾದರೆ ಅವನ ಜೇಬಿಗೆ ಬೀಳುತ್ತಿದ್ದದ್ದು ಯಾವುದು? ಭೂವಿಜ್ಞಾನವಲ್ಲ, ಪ್ರಾಣಿಶಾಸ್ತ್ರವಲ್ಲ. ಮಿಲ್ಟನ್ ಕವಿಯ ‘ಪ್ಯಾರಡೈಸ್ ಲಾಸ್ಟ್’! ಈ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಮತ್ತೆ ಬರುತ್ತದೆ.

ಊರಿಗೆ ಮರಳಿದ ಮೇಲೆ, 1838ರಲ್ಲಿ, ಅವನು ಓದಿನ ಲೆಕ್ಕಪುಸ್ತಕವೊಂದನ್ನು ತೆರೆದ. ಓದಬೇಕಾದವು, ಓದಿ ಮುಗಿಸಿದವು ಎಂದು ಎರಡು ಪಟ್ಟಿ. ಅದನ್ನು 1860ರವರೆಗೂ ಬರೆದುಕೊಂಡು ಹೋದ. ಅದರಲ್ಲಿ ಏನುಂಟು ಏನಿಲ್ಲ! ಪ್ರವಾಸಕಥನ, ಚರಿತ್ರೆ, ಜೀವನಚರಿತ್ರೆ, ಕಾದಂಬರಿಗಳ ಪಕ್ಕದಲ್ಲೇ ಪಾರಿವಾಳ ಸಾಕುವವರ, ಕುದುರೆ ನಾಯಿಗಳ ತಳಿ ಬೆಳೆಸುವವರ, ತೋಟಗಾರರ ಪುಸ್ತಕಗಳು. ವಿದ್ವಾಂಸರು ಮುಟ್ಟದ ಇಂಥ ಪುಸ್ತಕಗಳೇ ಮುಂದೆ ‘ಆರಿಜಿನ್’ ಗ್ರಂಥದ ಮೊದಲ ಅಧ್ಯಾಯಕ್ಕೆ ಆಧಾರವಾದವು. ಕೆಲವು ಹೆಸರುಗಳ ಮುಂದೆ ಪುಟ್ಟ ಷರಾ: ಇದು ಕಳಪೆ, ಇದನ್ನು ಮೇಲೆ ಮೇಲೆ ತಿರುವಿದ್ದು, ಹೀಗೆ. ಓದದ್ದನ್ನು ಓದಿದೆನೆಂದು ಹೇಳಿಕೊಳ್ಳುವ ಚಪಲ ಅಲ್ಲಿಲ್ಲ.

ಆ ಪಟ್ಟಿ ಶುರುವಾದ ವರ್ಷವೇ ಸೆಪ್ಟೆಂಬರ್ ಕೊನೆಯಲ್ಲಿ ಮಾಲ್ತಸನ ಜನಸಂಖ್ಯೆಯ ಪ್ರಬಂಧ ಅವನ ಕೈಗೆ ಬಂತು. ಅದು ಅರ್ಥಶಾಸ್ತ್ರದ ಪುಸ್ತಕ. ಅದರಲ್ಲಿ ಕೀಟವಿಲ್ಲ, ಪಕ್ಷಿಯಿಲ್ಲ. ಮನರಂಜನೆಗೆಂದು ಓದಿದೆ ಎನ್ನುತ್ತಾನೆ ಡಾರ್ವಿನ್. ಜನಸಂಖ್ಯೆ ಎರಡು, ನಾಲ್ಕು, ಎಂಟು ಎಂದು ಏರುತ್ತದೆ, ಆಹಾರ ಹಾಗೆ ಏರುವುದಿಲ್ಲ, ಆದ್ದರಿಂದ ಬದುಕಲು ಪೈಪೋಟಿ ಅನಿವಾರ್ಯ ಎಂಬುದು ಮಾಲ್ತಸನ ಮಾತು. ಇದನ್ನು ಗಿಡಮರ ಪ್ರಾಣಿಗಳಿಗೆ ಅನ್ವಯಿಸಿದರೆ? ಪೈಪೋಟಿಯಲ್ಲಿ ಅನುಕೂಲವಾದ ಚಿಕ್ಕಪುಟ್ಟ ವ್ಯತ್ಯಾಸಗಳುಳ್ಳ ಜೀವಿ ಉಳಿಯುತ್ತದೆ, ಉಳಿದವು ಅಳಿಯುತ್ತವೆ. ಹದಿನೈದು ತಿಂಗಳಿಂದ ಕೂಡಿಹಾಕಿದ್ದ ಟಿಪ್ಪಣಿಗಳಿಗೆ ಒಂದು ಸೂತ್ರ ದೊರೆಯಿತು. ಆಶ್ಚರ್ಯವೆಂದರೆ, ಇದೇ ಸಿದ್ಧಾಂತವನ್ನು ಸ್ವತಂತ್ರವಾಗಿ ಕಂಡುಕೊಂಡ ಆಲ್‌ಫ್ರೆಡ್ ವಾಲೇಸನಿಗೂ ದಾರಿ ತೋರಿದ್ದು ಅದೇ ಪುಸ್ತಕ. ಬಡತನದಿಂದ ಹದಿನಾಲ್ಕರ ಹರೆಯದಲ್ಲೇ ಶಾಲೆ ಬಿಟ್ಟಿದ್ದ ವಾಲೇಸ್, ಲೆಸ್ಟರ್ ಎಂಬ ಊರಿನಲ್ಲಿ ಮೇಷ್ಟರಾಗಿದ್ದಾಗ ಅಲ್ಲಿಯ ಗ್ರಂಥಾಲಯದಲ್ಲಿ ಅದನ್ನು ಓದಿದ್ದ. 1858ರಲ್ಲಿ, ಇಂದಿನ ಇಂಡೊನೇಷ್ಯಾದ ದ್ವೀಪವೊಂದರಲ್ಲಿ ಜ್ವರದಿಂದ ಮಲಗಿದ್ದಾಗ ಅದು ನೆನಪಿಗೆ ಬಂತು.

ಕತ್ತರಿಸಿದ ಪುಸ್ತಕ, ಕತ್ತರಿಸದ ಪುಟ

ಪುಸ್ತಕಗಳನ್ನು ಕಣ್ಣಿಗೊತ್ತಿಕೊಳ್ಳುವ ನಮ್ಮ ಮನೆಗಳ ಹಿರಿಯರು ಡಾರ್ವಿನ್ನನ ಕೋಣೆಗೆ ಹೋಗಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು. ಭಾರವಾದ ಪುಸ್ತಕವನ್ನು ಹಿಡಿದುಕೊಳ್ಳುವುದು ಕಷ್ಟವೆಂದು ಅವನು ನಡುವೆ ಎರಡು ತುಂಡು ಮಾಡಿಬಿಡುತ್ತಿದ್ದ! ಲಯೆಲ್ಲನ ಪುಸ್ತಕವೊಂದಕ್ಕೂ ಇದೇ ಗತಿಯಾಯಿತು. ಅದನ್ನು ಲಯೆಲ್ಲನಿಗೇ ಹೇಳಿ, ಮುಂದಿನ ಮುದ್ರಣವನ್ನು ಎರಡು ಸಂಪುಟಗಳಲ್ಲಿ ತರುವಂತೆ ಮಾಡಿದೆನೆಂದು ಜಂಬ ಕೊಚ್ಚಿಕೊಳ್ಳುತ್ತಿದ್ದ. ಚಿಕ್ಕ ಪುಸ್ತಿಕೆಗಳಾದರೆ ಬೇಕಾದ ಹಾಳೆಗಳನ್ನಿಟ್ಟುಕೊಂಡು ಉಳಿದದ್ದನ್ನು ಹರಿದೆಸೆಯುತ್ತಿದ್ದ. ಪುಸ್ತಕ ಅವನಿಗೆ ಬಡಗಿಯ ಉಳಿಯಂತೆ ಕೆಲಸದ ಸಾಧನ, ಪೂಜೆಯ ವಸ್ತುವಲ್ಲ.

ಹಾಗೆಂದು ಓದು ಅಸಡ್ಡೆಯದಲ್ಲ. ಓದುವಾಗ ಗುರುತು ಹಾಕಿ, ತನ್ನ ಕೆಲಸಕ್ಕೆ ಬೇಕಾದ ಸಂಗತಿಗಳ ಸೂಚಿಯನ್ನು ಪುಸ್ತಕದ ಕೊನೆಯಲ್ಲಿ ಬರೆದಿಡುತ್ತಿದ್ದ. ಎರವಲು ತಂದದ್ದಾದರೆ ಸಾರಾಂಶ ಬರೆದುಕೊಳ್ಳುತ್ತಿದ್ದ. ಇವೆಲ್ಲ ವಿಷಯವಾರು ಮೂವತ್ತು ನಲವತ್ತು ದೊಡ್ಡ ಕಡತಗಳಿಗೆ ಸೇರುತ್ತಿದ್ದವು. ಹೊಸ ವಿಷಯದ ಮೇಲೆ ಬರೆಯಲು ಕುಳಿತಾಗ ಜೀವಮಾನದ ಓದೆಲ್ಲ ಕೈಗೆಟಕುವಂತೆ ಸಿದ್ಧ! ಗುರುತು ಹಾಕುವಂಥದ್ದೇನೂ ಸಿಗದ ಪುಸ್ತಕದ ಕೊನೆಯಲ್ಲಿ ಒಂದು ಸೊನ್ನೆ. ‘ಓದಿಲ್ಲ’, ‘ಬರಿದೆ ತಿರುವಿದ್ದು’ ಎಂದು ಬರೆದಿಟ್ಟವೂ ಇದ್ದವು. ಓದದ ಪುಸ್ತಕಗಳ ಕಪಾಟನ್ನು ನೋಡಿದಾಗಲೆಲ್ಲ ಅವನು ನರಳುತ್ತಿದ್ದ ಎಂದು ಮಗ ಫ್ರಾನ್ಸಿಸ್ ಬರೆದಿದ್ದಾನೆ.

ಹೆಚ್ಚು ನರಳಿಸಿದ್ದು ಜರ್ಮನ್ ಭಾಷೆ. ನಿಘಂಟು ಹಿಡಿದು ತಾನೇ ಕಲಿತ ಭಾಷೆ ಅದು. ಒಂದು ವಾಕ್ಯವನ್ನು ಹತ್ತಾರು ಸಲ ಓದಿದರೆ ಕಡೆಗೊಮ್ಮೆ ಅರ್ಥ ಹೊಳೆಯುತ್ತಿತ್ತು, ಒಂದು ಸಲಕ್ಕೆ ಒಂದೆರಡು ಪುಟಕ್ಕಿಂತ ಮುಂದೆ ಹೋಗಲಾಗುತ್ತಿರಲಿಲ್ಲ. ಜರ್ಮನ್ ಶುರುಮಾಡಿದ್ದೇನೆ ಎಂದು ಸಸ್ಯಶಾಸ್ತ್ರಜ್ಞ ಗೆಳೆಯ ಹೂಕರ್‌ಗೆ ಹೆಮ್ಮೆಯಿಂದ ಹೇಳಿದಾಗ ಬಂದ ಉತ್ತರ: ಅದೇನು ಮಹಾ, ನಾನು ಎಷ್ಟೋ ಸಲ ಶುರುಮಾಡಿದ್ದೇನೆ! ಆದರೂ ಆ ಶ್ರಮ ವ್ಯರ್ಥವಾಗಲಿಲ್ಲ. ಹೂಗಳಿಗೂ ಕೀಟಗಳಿಗೂ ಇರುವ ನಂಟಿನ ಬಗ್ಗೆ ಜರ್ಮನಿಯ ಸ್ಪ್ರೆಂಗಲ್ 1793ರಲ್ಲೇ ಬರೆದ ಪುಸ್ತಕವನ್ನು ಲೋಕ ಮರೆತೇಬಿಟ್ಟಿತ್ತು. ರಾಬರ್ಟ್ ಬ್ರೌನ್, ಅಂದರೆ ಭೌತವಿಜ್ಞಾನದ ಪಾಠದಲ್ಲಿ ಬರುವ ‘ಬ್ರೌನಿಯನ್ ಚಲನೆ’ಯ ಬ್ರೌನ್, ಅದನ್ನು ಓದಲು 1841ರಲ್ಲಿ ಸಲಹೆ ಮಾಡಿದ. ಡಾರ್ವಿನ್ ತರಿಸಿ ಓದಿದ, ಮೆಚ್ಚಿದ. ಆರ್ಕಿಡ್ ಹೂಗಳ ಪರಾಗಸ್ಪರ್ಶದ ಬಗ್ಗೆ 1862ರಲ್ಲಿ ತಾನೇ ಪುಸ್ತಕ ಬರೆದ. ಸತ್ತು ಎಷ್ಟೋ ವರ್ಷವಾಗಿದ್ದ ಸ್ಪ್ರೆಂಗಲ್‌ನಿಗೆ ಮರ್ಯಾದೆ ಬಂದದ್ದು ಆಗ.

ಇನ್ನೊಂದು ಜರ್ಮನ್ ಪುಸ್ತಕದ ಕಥೆ ಬೇರೆ. 1873ರಲ್ಲಿ ಕಾರ್ಲ್ ಮಾರ್ಕ್ಸ್ ತನ್ನ ‘ಬಂಡವಾಳ’ ಗ್ರಂಥದ ಪ್ರತಿಯನ್ನು ಡಾರ್ವಿನ್ನನಿಗೆ ಕಳುಹಿಸಿದ. ಡಾರ್ವಿನ್ ವಿನಯದಿಂದ ವಂದನೆ ತಿಳಿಸಿ ಕಾಗದ ಬರೆದ. ಆಗಿನ ಪುಸ್ತಕಗಳ ಹಾಳೆಗಳು ಅಂಚಿನಲ್ಲಿ ಮಡಿಕೆಯಾಗಿಯೇ ಬರುತ್ತಿದ್ದವು. ಚಾಕುವಿನಿಂದ ಸೀಳಿಕೊಂಡು ಓದಬೇಕು. ಡಾರ್ವಿನ್ನನ ಪ್ರತಿಯ 822 ಪುಟಗಳಲ್ಲಿ ಸೀಳಿದ್ದು ಮೊದಲ 105 ಮಾತ್ರ. ಇಂಥದೇ ಕಥೆಯೊಂದನ್ನು ಮೆಂಡೆಲ್ ಬಗ್ಗೆಯೂ ಹೇಳುವುದುಂಟು: ಅನುವಂಶೀಯತೆಯ ನಿಯಮಗಳನ್ನು ತಿಳಿಸುವ ಅವನ 1866ರ ಪ್ರಬಂಧ ಡಾರ್ವಿನ್ನನ ಮೇಜಿನ ಮೇಲೆ ಪುಟ ಸೀಳದೆ ಬಿದ್ದಿತ್ತು ಎಂದು. ಇದು ಕಟ್ಟುಕಥೆ. ಡಾರ್ವಿನ್ನನ ಪುಸ್ತಕಗಳ ನಡುವೆ ಆ ಪ್ರಬಂಧದ ಪ್ರತಿ ಎಲ್ಲೂ ಸಿಕ್ಕಿಲ್ಲ. ತರಗತಿಗಳಲ್ಲಿ ಈ ಕಥೆಯನ್ನು ಇನ್ನು ಕೈಬಿಡುವುದು ಒಳ್ಳೆಯದು.

ಅಭಿಪ್ರಾಯ ಬದಲಿಸಲು ಅವನಿಗೆ ನಾಚಿಕೆಯಿರಲಿಲ್ಲ. ಜೀವಿಗಳು ಬದಲಾಗುತ್ತವೆಂದು ಸ್ವಂತ ತಾತ ಎರಾಸ್ಮಸ್ ಡಾರ್ವಿನ್ ಸೂಚಿಸಿದ್ದ ‘ಜೂನೋಮಿಯ’ ಗ್ರಂಥವನ್ನು ಹದಿಹರೆಯದಲ್ಲಿ ಬಹಳ ಮೆಚ್ಚಿಕೊಂಡಿದ್ದ. ಹತ್ತು ಹದಿನೈದು ವರ್ಷಗಳ ಮೇಲೆ ಮತ್ತೆ ಓದಿದಾಗ ಬೇಸರವಾಯಿತು: ಊಹೆಗಳು ಬೇಕಾದಷ್ಟು, ಸಂಗತಿಗಳು ತೀರ ಕಡಿಮೆ. 1844ರಲ್ಲಿ ಲೇಖಕರ ಹೆಸರಿಲ್ಲದೆ ಬಂದು ಇಂಗ್ಲೆಂಡಿನಲ್ಲಿ ಗುಲ್ಲೆಬ್ಬಿಸಿದ, ಸೃಷ್ಟಿಯ ವಿಕಾಸದ ಬಗೆಗಿನ ‘ವೆಸ್ಟಿಜಸ್’ ಎಂಬ ಪುಸ್ತಕದ ಬಗ್ಗೆ ಅವನ ತೀರ್ಪು ಚುಟುಕಾದದ್ದು: ಬರವಣಿಗೆ ಚೆಂದ, ಭೂವಿಜ್ಞಾನ ಕೆಟ್ಟದ್ದು, ಪ್ರಾಣಿಶಾಸ್ತ್ರ ಇನ್ನೂ ಕೆಟ್ಟದ್ದು. ತನ್ನ ಪಕ್ಷವನ್ನೇ ಹಿಡಿದ ಪುಸ್ತಕವೆಂದು ರಿಯಾಯಿತಿ ತೋರಿಸಲಿಲ್ಲ.

ಬತ್ತಿಹೋದ ಕಾವ್ಯ

ಮಿಲ್ಟನನನ್ನು ಜೇಬಿನಲ್ಲಿಟ್ಟುಕೊಂಡು ದಕ್ಷಿಣ ಅಮೆರಿಕದ ಬಯಲುಗಳಲ್ಲಿ ಅಲೆದ ಯುವಕ ಏನಾದ? ಮೂವತ್ತರ ವಯಸ್ಸಿನವರೆಗೆ, ಅದರಾಚೆಗೂ ಸ್ವಲ್ಪ ಕಾಲ, ಅವನಿಗೆ ಕಾವ್ಯವೆಂದರೆ ಪ್ರಾಣ. ವರ್ಡ್ಸ್‌ವರ್ತ್ ಬರೆದ ‘ಎಕ್ಸ್‌ಕರ್ಶನ್’ ಎಂಬ ನೀಳ್ಗಾವ್ಯವನ್ನು ಎರಡು ಸಲ ಪೂರ್ತಿ ಓದಿದ್ದನೆಂದು ಹೇಳಿಕೊಳ್ಳುತ್ತಾನೆ. ಕೇಂಬ್ರಿಜ್‌ನಲ್ಲಿದ್ದಾಗ ಕಿಂಗ್ಸ್ ಕಾಲೇಜಿನ ಪ್ರಾರ್ಥನಾ ಮಂದಿರದ ಗಾಯನ ಕೇಳಿ ಬೆನ್ನಹುರಿಯಲ್ಲಿ ಪುಳಕವಾಗುತ್ತಿತ್ತು. ಸ್ವರಜ್ಞಾನ ಮಾತ್ರ ಸೊನ್ನೆ, ಕೇಳಿದ ಹಾಡನ್ನೇ ಗುರುತಿಸಲಾರ.

1876ರಲ್ಲಿ ತನ್ನ ಮನಸ್ಸಿನ ಜಮಾಖರ್ಚು ಬರೆಯಲು ಕುಳಿತಾಗ ಅವನಿಗೆ ಕಂಡದ್ದು ಬೇರೆಯೇ ಚಿತ್ರ. ಎಷ್ಟೋ ವರ್ಷಗಳಿಂದ ಒಂದು ಸಾಲು ಕವಿತೆಯನ್ನೂ ಸಹಿಸಲಾಗುತ್ತಿಲ್ಲ. ಇತ್ತೀಚೆಗೆ ಷೇಕ್ಸ್‌ಪಿಯರನನ್ನು ಕೈಗೆತ್ತಿಕೊಂಡರೆ ಓಕರಿಕೆ ಬರುವಷ್ಟು ನೀರಸವೆನ್ನಿಸಿತು. ಕಿಟಕಿಯಲ್ಲಿ ಕುಳಿತು ಗಂಟೆಗಟ್ಟಲೆ ಓದುತ್ತಿದ್ದ ಅದೇ ಷೇಕ್ಸ್‌ಪಿಯರ್! ಚಿತ್ರಕಲೆ ಬೇಡವಾಗಿದೆ. ಸಂಗೀತ ಕೇಳಿದರೆ ಹಿತವಾಗುವ ಬದಲು ತಾನು ಮಾಡುತ್ತಿರುವ ಕೆಲಸದ ಯೋಚನೆಯೇ ಜೋರಾಗುತ್ತದೆ. ರಾಶಿ ರಾಶಿ ಸಂಗತಿಗಳನ್ನು ಅರೆದು ಸಾಮಾನ್ಯ ನಿಯಮಗಳನ್ನು ತೆಗೆಯುವ ಒಂದು ಯಂತ್ರವಾಗಿಬಿಟ್ಟಿದೆ ತನ್ನ ಮನಸ್ಸು ಎಂದುಕೊಂಡ. ಮಿದುಳಿನ ಒಂದು ಭಾಗ ಬಳಕೆಯಿಲ್ಲದೆ ಕ್ಷಯಿಸಿರಬೇಕು. ಇನ್ನೊಮ್ಮೆ ಬದುಕುವ ಅವಕಾಶ ಸಿಕ್ಕಿದರೆ ವಾರಕ್ಕೊಮ್ಮೆಯಾದರೂ ಸ್ವಲ್ಪ ಕವಿತೆ ಓದುವ, ಸ್ವಲ್ಪ ಸಂಗೀತ ಕೇಳುವ ನಿಯಮ ಮಾಡಿಕೊಳ್ಳುತ್ತಿದ್ದೆ ಎಂದು ಬರೆದ. ಆ ರುಚಿಗಳನ್ನು ಕಳೆದುಕೊಂಡದ್ದೆಂದರೆ ಸುಖವನ್ನೇ ಕಳೆದುಕೊಂಡಂತೆ; ಬುದ್ಧಿಗೂ, ಅದಕ್ಕಿಂತ ಹೆಚ್ಚಾಗಿ ಶೀಲಕ್ಕೂ ಅದರಿಂದ ಹಾನಿಯಾಗಬಹುದು ಎಂಬ ಅಳುಕೂ ಅವನಿಗಿತ್ತು.

ಬೇರೆ ಯಾರಾದರೂ ಈ ಮಾತು ಹೇಳಿದ್ದರೆ ಸಾಹಿತಿಗಳ ಪಕ್ಷಪಾತವೆಂದು ತಳ್ಳಿಹಾಕಬಹುದಿತ್ತು. ಹೇಳಿದವನು ವಿಜ್ಞಾನದಲ್ಲಿ ಗೆದ್ದವನು. ಪಿಯುಸಿಯಲ್ಲಿ ವಿಜ್ಞಾನ ಆರಿಸಿಕೊಂಡ ದಿನವೇ ಕಥೆ ಕವನಗಳ ಪುಸ್ತಕವನ್ನು ಅಟ್ಟಕ್ಕೇರಿಸುವ ಮನೆಗಳಲ್ಲಿ, ಆತ್ಮಕಥೆಯ ಆ ಒಂದು ಪುಟವನ್ನಾದರೂ ತಂದೆ ತಾಯಿ ಮಕ್ಕಳು ಒಟ್ಟಿಗೆ ಕುಳಿತು ಓದಬಹುದು. ಹಾಗೆಂದು ಅವನ ಮಾತನ್ನು ಪೂರ್ತಿ ನಂಬಬೇಕೆಂದೂ ಇಲ್ಲ. ರಸಿಕತೆ ಬತ್ತಿತೆಂದು ಹಲುಬುವವನು ಅದೇ ಪುಟಗಳಲ್ಲಿ ಕಾದಂಬರಿ, ಪ್ರವಾಸಕಥನ, ಜೀವನಚರಿತ್ರೆಗಳು ಈಗಲೂ ಮೊದಲಿನಷ್ಟೇ ಹಿತವಾಗಿವೆ ಎನ್ನುತ್ತಾನಲ್ಲ!

ಕೊನೆಯ ಎರಡು ಪುಸ್ತಕಗಳ ಸಂಗತಿ ಉಳಿದಿದೆ. 1882ರ ಆರಂಭದಲ್ಲಿ, ಅರಿಸ್ಟಾಟಲನು ಪ್ರಾಣಿಗಳ ಅಂಗಾಂಗಗಳ ಕುರಿತು ಬರೆದ ಗ್ರಂಥವನ್ನು ಇಂಗ್ಲಿಷಿಗೆ ಅನುವಾದಿಸಿದ ವಿಲಿಯಂ ಓಗಲ್ ಒಂದು ಪ್ರತಿ ಕಳುಹಿಸಿಕೊಟ್ಟ. ಅರಿಸ್ಟಾಟಲ್ ಇಷ್ಟು ದೊಡ್ಡವನೆಂದು ತನಗೆ ಗೊತ್ತೇ ಇರಲಿಲ್ಲ, ಲಿನ್ನೇಯಸ್ ಮತ್ತು ಕುವಿಯೇ ಇಬ್ಬರನ್ನೂ ದೇವರೆಂದುಕೊಂಡಿದ್ದೆ, ಈ ಮುದುಕನ ಮುಂದೆ ಅವರು ಶಾಲೆಯ ಹುಡುಗರು ಎಂಬರ್ಥದ ಕಾಗದ ಡಾರ್ವಿನ್ನನಿಂದ ಹೋಯಿತು. 73 ತುಂಬಿದ ಮೇಲೂ ಹೊಸ ಪುಸ್ತಕವೊಂದು ಅವನ ದೇವರುಗಳನ್ನು ಕದಲಿಸಬಲ್ಲದಾಗಿತ್ತು. ಪುಸ್ತಕದ ಕಾಲುಭಾಗಕ್ಕಿಂತ ಹೆಚ್ಚು ಓದಿಲ್ಲವೆಂದು ಅದೇ ಕಾಗದದಲ್ಲಿ ಒಪ್ಪಿಕೊಂಡಿದ್ದಾನೆ! ಎರಡು ತಿಂಗಳೊಳಗೆ, ಏಪ್ರಿಲ್ 19ರಂದು, ಡೌನ್ ಮನೆಯಲ್ಲಿ ತೀರಿಕೊಂಡ.

ಡಾರ್ವಿನ್ನನ ಬಳಿ ಇದ್ದ ಪುಸ್ತಕ, ಪುಸ್ತಿಕೆ, ಪತ್ರಿಕೆಗಳನ್ನೆಲ್ಲ ಗುರುತಿಸಿದ ಪಟ್ಟಿಯೊಂದನ್ನು ಸಂಶೋಧಕರು 2024ರಲ್ಲಿ ಪ್ರಕಟಿಸಿದರು. ಅದರಲ್ಲಿ ಸುಮಾರು 7,400 ಹೆಸರುಗಳಿವೆ. ಅವುಗಳ ನಡುವೆ ಶ್ರೀಮತಿ ಗ್ಯಾಸ್ಕೆಲ್ ಬರೆದ ‘ವೈವ್ಸ್ ಆ್ಯಂಡ್ ಡಾಟರ್ಸ್’ ಎಂಬ ಕಾದಂಬರಿಯೂ ಉಂಟು. ಡಾರ್ವಿನ್ನನಿಗೆ ಇದು ಬಹಳ ಪ್ರಿಯವಾಗಿತ್ತು, ಅವನಿಗೆ ಕಟ್ಟಕಡೆಗೆ ಓದಿ ಹೇಳಿದ್ದು ಇದನ್ನೇ ಎಂದು ಅದರೊಳಗೆ ಬರೆದಿಟ್ಟಿದ್ದಾರೆ. ಕಾದಂಬರಿಯ ನಾಯಕ ರೋಜರ್ ಒಬ್ಬ ಪ್ರಕೃತಿ ವಿಜ್ಞಾನಿ. ಚಾರ್ಲ್ಸ್ ಡಾರ್ವಿನ್ನನ ಹಾಗೆ ಅವನು ದೂರದೇಶಗಳಿಗೆ ಪ್ರಯಾಣ ಹೋಗುತ್ತಾನೆಂದು ಲೇಖಕಿಯೇ ಪ್ರಕಾಶಕನಿಗೆ ಬರೆದಿದ್ದಳು. ಆದರೆ ಆ ಕಾದಂಬರಿ ಮುಗಿದಿಲ್ಲ. ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿದ್ದಾಗ, 1865ರಲ್ಲಿ, ಗ್ಯಾಸ್ಕೆಲ್ ಹಠಾತ್ತನೆ ತೀರಿಕೊಂಡಳು. ಕೊನೆಯ ಕಂತಿನ ಕೆಳಗೆ ಪತ್ರಿಕೆಯ ಸಂಪಾದಕನೇ ಒಂದು ಟಿಪ್ಪಣಿ ಸೇರಿಸಿ, ಲೇಖಕಿ ಯೋಚಿಸಿದ್ದ ಮುಕ್ತಾಯವನ್ನು ಓದುಗರಿಗೆ ತಿಳಿಸಬೇಕಾಯಿತು: ರೋಜರ್ ಊರಿಗೆ ಮರಳುತ್ತಾನೆ, ಮಾಲಿಯನ್ನು ಮದುವೆಯಾಗುತ್ತಾನೆ.